ಕಂಬದ ದೀಪದ ಕೆಳಗಿನ ತೊಗರಿ

ರಾತ್ರಿ ಊಟದ ಹೊತ್ತಿಗೂ ಬಿಸಿಲು ಇರುವ ಊರಿಗೆ ಹೋಗಿ ಬಂದೆ ಎಂದರೆ ಠಾಣಾ ಕುಶನೂರಿನ ಬಸ್ ನಿಲ್ದಾಣದಲ್ಲಿ ಕುಳಿತವರು ನಗುತ್ತಾರೆ. "ಅಲ್ಲಿ ಮಂದಿ ಮಲ್ಕೊಳ್ಳೋದು ಯಾವಾಗಪ್ಪಾ?" ಎಂದು ಕೇಳುತ್ತಾರೆ. ಹೋಗುವ ಮುಂಚೆ ನಾನೂ ಅದನ್ನೇ ಕೇಳಿದ್ದೆ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಕುರಿ, ತೊಗರಿ, ಸೋಯಾ, ಜೋಳ ಇಷ್ಟೇ ನನಗೆ ಗೊತ್ತಿದ್ದ ಪ್ರಪಂಚ. ಹಾಲೆಂಡ್ ಎಲ್ಲಿದೆ ಎಂದು ನಕಾಶೆಯಲ್ಲಿ ತೋರಿಸಿದ ಮೇಲೂ ಮರುದಿನ ಮರೆತಿದ್ದೆ.

ಕರೆದವಳು ತಂಗಿಯ ಮಗಳು ಅಶ್ವಿನಿ. ಗಿಡ ಯಾವಾಗ ಹೂ ಬಿಡಬೇಕೆಂದು ಗಿಡದೊಳಗೆ ಯಾವುದು ನಿರ್ಧರಿಸುತ್ತದೆ ಎಂಬುದೇ ಅವಳ ಓದು. ಆ ಓದಿನ ಕೊನೆಯ ದಿನ ಅಲ್ಲಿ ಒಂದು ಸಭೆ ಮಾಡುತ್ತಾರೆ. ಓದಿದವಳನ್ನು ಎಲ್ಲರೆದುರು ನಿಲ್ಲಿಸಿ ದೊಡ್ಡವರು ಪ್ರಶ್ನೆ ಕೇಳುತ್ತಾರೆ. ಆಗ ಅವಳ ಪಕ್ಕದಲ್ಲಿ ಅವಳ ಕಡೆಯವರು ಇಬ್ಬರು ನಿಲ್ಲಬೇಕಂತೆ.

"ಒಂದು ಕಡಿ ಅವ್ವ, ಒಂದು ಕಡಿ ನೀವು," ಎಂದು ಅಶ್ವಿನಿ ಫೋನಿನಲ್ಲಿ ಹೇಳಿದಳು. "ಲಗ್ನದಾಗ ಸೋದರಮಾವ ನಿಂದ್ರಂಗಿಲ್ಲೇನ್ರಿ ಮಾಮಾ? ಹಂಗ."

ಆಗಲಿ ಎಂದೆ.

ಬೀದರ

ತಂಗಿ ಜಗದೇವಿ ಬೀದರಿನಲ್ಲಿ ಇರುತ್ತಾಳೆ. ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಮಗಳನ್ನು ಭಾಲ್ಕಿಯ ಹಾಸ್ಟೆಲಿನಲ್ಲಿಟ್ಟು ಓದಿಸಿದಳು, ಆಮೇಲೆ ಬೀದರಿನ ಕಾಲೇಜಿಗೆ ಹಾಕಿದಳು. ಪಂಚಮಿಗೆ ನಮ್ಮ ಮನೆಗೆ ಬರುತ್ತಾಳೆ, ಉಂಡು ಹೋಗುತ್ತಾಳೆ. ಎಳ್ಳಮಾಸಿಗೆ ಮಾತ್ರ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಬಹಳ ವರ್ಷದ ಹಿಂದೆ, ಒಂದರ ಬೆನ್ನಿಗೆ ಒಂದು ಎರಡು ವರ್ಷ ಮಳೆ ಬರದಿದ್ದ ಕಾಲ. ಅರ್ಧ ಊರು ಗಂಟು ಕಟ್ಟಿಕೊಂಡು ಹೈದರಾಬಾದಿಗೆ, ಪುಣೆಗೆ ಹೋಗಿತ್ತು. ಉಳಿದವರಿಗೆ ನಮ್ಮ ಹೊಲದ ಬದುವಿನ ಹತ್ತಿರದ ಸಿಮೆಂಟಿನ ತೊಟ್ಟಿಗೆ ಟ್ಯಾಂಕರ್ ನೀರು ಬರುತ್ತಿತ್ತು, ಅದೂ ಕತ್ತಲಾದ ಮೇಲೆ. ಕತ್ತಲಲ್ಲಿ ಜಗಳ, ಕೊಡ ಕಳವು. ಅಲ್ಲಿ ಒಂದು ದೊಡ್ಡ ದೀಪ ಹಾಕಿಸಿರೆಂದು ಪಂಚಾಯಿತಿಯ ಬೆನ್ನು ಹತ್ತಿದವನು ನಾನೇ. ಕಂಬ ಬಂತು, ದೀಪ ಬಂತು, ಬೆಳಗಿನ ತನಕ ಉರಿಯಿತು. ಊರವರು ನನ್ನನ್ನು ಹೊಗಳಿದರು.

ಆ ವರ್ಷವೇ ಜಗದೇವಿ ಗಂಡನನ್ನು ಕಳೆದುಕೊಂಡು, ಪುಟ್ಟ ಅಶ್ವಿನಿಯನ್ನು ಸೊಂಟದ ಮೇಲಿಟ್ಟುಕೊಂಡು ನಮ್ಮ ಮನೆಗೆ ಬಂದಳು. ಕೂತು ಉಣ್ಣಬಾರದೆಂದು ತೊಟ್ಟಿಯ ಕಡೆಯ ತೊಗರಿ ಸಾಲುಗಳನ್ನು ಹಿಡಿದಳು. ಪಾತ್ರೆ ತೊಳೆದ ನೀರು, ಟ್ಯಾಂಕರಿನ ಪೈಪಿನಿಂದ ಸೋರಿದ ನೀರು ಎಲ್ಲವನ್ನೂ ಹೊತ್ತು ಹಾಕಿದಳು. ಹೊಲದ ಉಳಿದ ತೊಗರಿ ಮೊಣಕಾಲೆತ್ತರಕ್ಕೆ ನಿಂತು ಸೊರಗಿದರೂ ಅಷ್ಟಿಷ್ಟು ಹೂ ಬಿಟ್ಟಿತು. ಅವಳ ಸಾಲುಗಳು ಎದೆಯೆತ್ತರ ಬೆಳೆದು ಹಸಿರಾಗಿ ನಿಂತವು. ಹೂ ಮಾತ್ರ ಬಿಡಲಿಲ್ಲ.

"ಗೊಡ್ಡು ಬಿದ್ದಾವ," ಎಂದರು ನೀರಿಗೆ ಬಂದ ಹೆಂಗಸರು. "ಗಂಡ ಇಲ್ಲದಾಕಿ ಹೂ ಬಿಡೋ ಹೊತ್ತಿನ್ಯಾಗ ಸಾಲಾಗ ಅಡ್ಡಾಡಿದ್ರ ಮತ್ತೇನಾಗ್ತದ?" ನಮ್ಮ ಕಡೆ ಅಂಥ ನಂಬಿಕೆ ಇದೆ. ಹೂ ಹೊತ್ತ ಹೊಲಕ್ಕೆ ಇಂಥವರು ಕಾಲಿಡಬಹುದು, ಇಂಥವರು ಇಡಬಾರದು ಎಂದು.

ಎಳ್ಳಮಾಸಿ ಬಂತು. ಆ ದಿನ ಮನೆಮಂದಿಯೆಲ್ಲ ಅಡುಗೆ ಹೊತ್ತು ಹೊಲಕ್ಕೆ ಹೋಗಿ, ಅದರಲ್ಲಿ ಒಂದಿಷ್ಟನ್ನು ಭೂಮಿತಾಯಿಗೆ ಚರಗವೆಂದು ಸಾಲುಗಳಲ್ಲಿ ಚೆಲ್ಲಿ, ಅಲ್ಲೇ ಉಣ್ಣುತ್ತೇವೆ. ಜಗದೇವಿ ಕಾಳು-ಸೊಪ್ಪು ಬೇಯಿಸಿದ ಭಜ್ಜಿಯ ಗಡಿಗೆಯನ್ನು ತಲೆಯ ಮೇಲಿಟ್ಟುಕೊಂಡು ಹೊಸ್ತಿಲ ತನಕ ಬಂದಿದ್ದಳು. "ನೀ ಬರಬ್ಯಾಡ, ಮನ್ಯಾಗ ಇರು," ಎಂದೆ. ಅವಳು ಗಡಿಗೆ ಇಳಿಸಿದಳು. ಮರುದಿನ ಕೂಲಿಯವರ ಲಾರಿಯಲ್ಲಿ ಮಗಳೊಂದಿಗೆ ಹೈದರಾಬಾದಿಗೆ ಹೋದಳು. ಬೀದರಿಗೆ ಬಂದದ್ದು ಆಮೇಲೆ.

ಅಶ್ವಿನಿಗೆ ಇದು ಗೊತ್ತಿಲ್ಲ. ಬರಗಾಲ ತಮ್ಮನ್ನು ಊರು ಬಿಡಿಸಿತು ಎಂದೇ ಅವಳು ನಂಬಿದ್ದಾಳೆ. ಅವಳ ಪಕ್ಕದಲ್ಲಿ ಸೋದರಮಾವನೆಂದು ನಿಲ್ಲುವ ಮುಂಚೆ ಹೇಳಿಬಿಡಬೇಕು. ಹೇಳದೆ ನಿಂತರೆ ಅದು ಕಳ್ಳತನ. ಹಾಗೆಂದುಕೊಂಡೇ ಚೀಲ ಕಟ್ಟಿದೆ.

ಹೈದರಾಬಾದಿನ ದಾರಿ

ಬೀದರಿನಿಂದ ಬಸ್ಸಿನಲ್ಲಿ ಹೊರಟೆವು. ಜಗದೇವಿಯ ಚೀಲದಲ್ಲಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಮಗಳಿಗೆಂದು ಹೊಲಿಸಿದ ಕೌದಿ. ನನ್ನ ಚೀಲದಲ್ಲಿ ಅರಿವೆಯ ತುಂಡಿನಲ್ಲಿ ಕಟ್ಟಿದ ತೊಗರಿ ಬೀಜ, ನಮ್ಮ ಅಜ್ಜನ ಕಾಲದ ನಾಟಿ ತೊಗರಿ. ಅದನ್ನು ಅಶ್ವಿನಿಯ ಕೈಗೆ ಕೊಟ್ಟು ಮಾತು ಶುರು ಮಾಡುವುದು ನನ್ನ ಯೋಚನೆಯಾಗಿತ್ತು.

ಶಹರ ಹತ್ತಿರವಾದಾಗ ಜಗದೇವಿ ಕಿಟಕಿಯಿಂದ ಕೈ ತೋರಿಸಿದಳು. "ಇಲ್ಲೇ ಲಾರಿಯವ ಇಳಿಸಿದ್ದ. ಆವಾಗ ಬರೇ ಬಂಡಿಗಲ್ಲು ಇತ್ತು. ಈಗ ನೋಡು, ಹ್ಯಾಂಗ ಮಹಲು ಎದ್ದಾವ."

ಅವಳ ಮಾತಿನಲ್ಲಿ ನೋವಿರಲಿಲ್ಲ. ನಮ್ಮೂರಿನ ಬಾವಿ ತೋರಿಸಿದ ಹಾಗೆ ತೋರಿಸಿದಳು. ತಪ್ಪಾಯಿತು ಎಂದು ಆಗಲೇ ಹೇಳಬಹುದಿತ್ತು. ನಾನು ಕಂಡಕ್ಟರನನ್ನು ಇನ್ನೆಷ್ಟು ದೂರ ಎಂದು ಕೇಳಿದೆ.

ವಿಮಾನದಲ್ಲಿ ಬೆಲ್ಟು ಬಿಗಿಯಲು ಇಬ್ಬರಿಗೂ ಬರಲಿಲ್ಲ. ಪಕ್ಕದ ಹೆಣ್ಣುಮಗಳೊಬ್ಬಳು ಇಬ್ಬರಿಗೂ ಬಿಗಿದಳು. ಆಮೇಲೆ ಬಿಚ್ಚಲೂ ಬರಲಿಲ್ಲ. ಜಗದೇವಿ ದಾರಿಯುದ್ದಕ್ಕೂ ಕಟ್ಟಿ ಹಾಕಿದ ಕರುವಿನ ಹಾಗೆ ಕೂತಳು. "ಇಳಿಯೋ ತನಕ ಬಿಡಂಗಿಲ್ಲ ಅಂತ ತಿಳ್ಕೊಂಡಿದ್ದೆ," ಎಂದು ಆಮೇಲೆ ಹೇಳಿದಳು.

ಹಾಲೆಂಡಿನಲ್ಲಿ ಇಳಿದಾಗ ಒಬ್ಬ ಅಧಿಕಾರಿ ನನ್ನ ಚೀಲ ತೆರೆಸಿದ. ಬೀಜದ ಗಂಟು ನೋಡಿ ತಲೆಯಾಡಿಸಿ ತೆಗೆದಿಟ್ಟುಕೊಂಡ. ಸಿಟ್ಟು ಮಾಡಲಿಲ್ಲ, ನಗಲೂ ಇಲ್ಲ. ಹೊರಗೆ ಕಾದಿದ್ದ ಅಶ್ವಿನಿ ಕೇಳಿ ನಕ್ಕಳು. "ಬೀಜ ಹಂಗ ತರಂಗಿಲ್ರಿ ಮಾಮಾ. ರೋಗ ಬರ್ತದಂತ ಹೆದರ್ತಾರ. ನನ್ನ ಕೇಳಬೇಕಿಲ್ರಿ?" ಮಾತು ಶುರು ಮಾಡಲು ತಂದ ಗಂಟು ಬಾಗಿಲಲ್ಲೇ ಉಳಿಯಿತು.

ಮೊದಲ ಸಂಜೆ

ಆ ಊರಿನ ಹೆಸರು ನನ್ನ ನಾಲಿಗೆಗೆ ಕೊನೆಯವರೆಗೂ ಹತ್ತಲಿಲ್ಲ. ಎಲ್ಲಿ ನೋಡಿದರೂ ನೀರು. ಹೊಲಕ್ಕೂ ಹೊಲಕ್ಕೂ ನಡುವೆ ಬದು ಇಲ್ಲ, ನೀರಿನ ಕಾಲುವೆ ಇದೆ. ಅಲ್ಲಿ ಪಂಪು ಇರುವುದು ಹೊಲದಿಂದ ನೀರನ್ನು ಹೊರಗೆ ಎತ್ತಿ ಹಾಕಲು.

"ದೇವರು ಅಂಚೆ ಪತ್ತಾ ತಪ್ಪಿ ಬರದಾನ," ಎಂದಳು ಜಗದೇವಿ. "ನಮ್ಮ ನೀರೂ ಇವರ ಮನಿಗೇ ಬಂದದ."

ಅಲ್ಲಿ ಮನುಷ್ಯರಿಗಿಂತ ಸೈಕಲ್ಲು ಹೆಚ್ಚು. ಕೆಂಪು ದಾರಿ ಚಂದ ಕಂಡಿತೆಂದು ಅದರ ಮೇಲೆ ನಡೆದೆ. ಅದು ಸೈಕಲ್ಲಿನ ದಾರಿಯಂತೆ. ಹಿಂದಿನಿಂದ ಬಂದ ಮುದುಕಿಯೊಬ್ಬಳು ಗಂಟೆ ಬಾರಿಸಿ ಏನೋ ಅಂದಳು. ಬೈಗುಳ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ಕಿಟಕಿಗೆ ಪರದೆ ಹಾಕುವ ರೂಢಿಯೂ ಇಲ್ಲ. ಯಾರ ಮನೆಯಲ್ಲಿ ಏನು ಊಟ ಎಂದು ದಾರಿಯಲ್ಲೇ ಕಾಣುತ್ತದೆ, ಆದರೆ ಯಾರೂ ಇಣುಕುವುದಿಲ್ಲ. ನಮ್ಮಲ್ಲಿ ಪರದೆ ಇದ್ದರೂ ಇಣುಕುತ್ತೇವೆ.

ಅಶ್ವಿನಿ ಕೆಲಸಕ್ಕೆ ಹೋಗುವಾಗ, "ಹೊತ್ತು ಮುಳುಗಿದ ಮ್ಯಾಲೆ ಉಣ್ರಿ, ನನ್ನ ಹಾದಿ ಕಾಯಬ್ಯಾಡ್ರಿ," ಎಂದಿದ್ದಳು. ಊರಿನ ಮಾತು ಬಾಯಿಗೆ ಬಂದು ಹಾಗೆಂದಿರಬೇಕು. ನಾವು ಹೊತ್ತು ಮುಳುಗಲೆಂದು ಕಾದೆವು. ಮುಳುಗಲಿಲ್ಲ. ಜಗದೇವಿ ದೀಪ ಹಚ್ಚಲು ಬತ್ತಿ ಹೊಸೆದಿಟ್ಟು ಕೂತಳು. ಹೊಟ್ಟೆ ಹಸಿಯಿತು. ಕಿಟಕಿಯಲ್ಲಿ ಬಿಸಿಲು ಹಾಗೇ ಇತ್ತು. ಅಶ್ವಿನಿ ಬಾಗಿಲು ತೆಗೆದಾಗ ಇಬ್ಬರೂ ಮುಚ್ಚಿದ ಪಾತ್ರೆಯ ಮುಂದೆ ಕೂತಿದ್ದೆವು.

"ಇನ್ನಾ ಉಂಡಿಲ್ಲೇನು?"

"ನಿಮ್ಮ ಸೂರ್ಯ ಬಿಡವೊಲ್ಲ," ಎಂದಳು ಜಗದೇವಿ.

ಅಶ್ವಿನಿ ನಕ್ಕು ನಕ್ಕು ಗೋಡೆಗೆ ಒರಗಿದಳು. ಉಣ್ಣುವಾಗ ಹೇಳಿದಳು: "ನಮ್ಮ ಸೋಯಾ, ತೊಗರಿನೂ ಇಲ್ಲಿ ಹಿಂಗೇ ಪರೇಶಾನ್ ಆಗ್ತಾವ ಮಾಮಾ. ಕತ್ತಲಿ ಯಾವಾಗ ಬರ್ತದ, ಯಾವಾಗ ಹೂ ಬಿಡೂಣು ಅಂತ ಕಾಯ್ಕೋತ ಕೂಡ್ತಾವ. ನಾಳಿ ತೋರಸ್ತೀನಿ."

ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ. ಜಗದೇವಿ ನನ್ನ ಕಡೆ ನೋಡಲಿಲ್ಲ. ಮಗಳಿಗೆ ಹಿಂಡಿ ನೀಡುತ್ತಿದ್ದಳು.

ಗಾಜಿನ ಮನೆ

ಆ ಮನೆಗೆ ಗೋಡೆಯೂ ಗಾಜು, ಚಾವಣಿಯೂ ಗಾಜು. ಒಳಗೆ ನಮ್ಮ ಆಷಾಢದ ಸೆಕೆ. ಅಶ್ವಿನಿಯ ಗುರುಗಳು ಬಾಗಿಲಲ್ಲೇ ನಿಂತು ಕೈ ಕುಲುಕಿದರು. ಬಿದಿರಿನ ಹಾಗೆ ಎತ್ತರದ ಮನುಷ್ಯ. ಮಾತು ಕಡಿಮೆ, ಕೇಳುವಾಗ ತಲೆ ಬಾಗಿಸುತ್ತಿದ್ದರು.

ಮೊದಲು ಒಂದು ಮೇಜಿನ ಮೇಲಿನ ಪುಟ್ಟ ಗಿಡಗಳನ್ನು ತೋರಿಸಿದರು. ನಮ್ಮಲ್ಲಾದರೆ ಕಳೆ ಎಂದು ಕಿತ್ತು ಹಾಕುವಂಥವು. ಹೂ ಅಕ್ಕಿ ಕಾಳಿನಷ್ಟು. ಭೂತಗನ್ನಡಿ ಹಿಡಿದು ನೋಡಿದರೆ, ಒಂದರಲ್ಲಿ ಕೇಸರ ಇರಬೇಕಾದಲ್ಲಿ ಪಕಳೆ, ಅದರೊಳಗೆ ಮತ್ತೆ ಪಕಳೆ.

"ಹೂವಿನ್ಯಾಗ ನಾಕು ಸುತ್ತು ಇರ್ತಾವ ಮಾಮಾ," ಎಂದಳು ಅಶ್ವಿನಿ. "ಯಾವ ಸುತ್ತಿನ್ಯಾಗ ಏನಾಗಬೇಕು ಅಂತ ಕೆಲವು ಜೀನ್ ಹೇಳ್ತಾವ. ಅವ್ವ-ಅಪ್ಪನಿಂದ ಬಂದ ಹುಕುಂ ಇದ್ದಂಗ. ಒಂದು ಹುಕುಂ ಕೆಟ್ರ ಕೇಸರದ ಜಾಗದಾಗ ಪಕಳಿ ಆಗ್ತದ."

ಜಗದೇವಿ ಬಹಳ ಹೊತ್ತು ನೋಡಿದಳು. "ಛಂದ ಅದ. ಆದ್ರ ಬರೇ ಪಕಳಿ ಆದ್ರ ಕಾಯಿ ಹ್ಯಾಂಗ ಕಟ್ತದ?"

"ಕಟ್ಟಂಗಿಲ್ಲವ್ವ. ನೋಡ್ಲಿಕ್ಕಷ್ಟೇ."

ಆಮೇಲೆ, ಬೇಗ ಕತ್ತಲು ಮಾಡಲು ಕಪ್ಪು ಪರದೆ ಇಳಿಸುವ ಎರಡು ಕೋಣೆಗಳ ಮುಂದೆ ನಿಲ್ಲಿಸಿದಳು. ಎರಡರಲ್ಲೂ ಸೋಯಾ. ಒಂದೇ ಬೀಜ, ಒಂದೇ ದಿನ ಬಿತ್ತಿದ್ದು, ಒಂದೇ ನೀರು. ಎಡಗಡೆಯ ಕೋಣೆಯ ಗಿಡಗಳು ಗಿಡ್ಡ, ಗೆಣ್ಣು ಗೆಣ್ಣಿಗೂ ಹೂ. ಬಲಗಡೆಯವು ಎತ್ತರ, ದಟ್ಟ, ಕಡು ಹಸಿರು. ಹೂ ಇಲ್ಲ. ಆ ಹಸಿರನ್ನು ನಾನು ಮೊದಲೇ ನೋಡಿದ್ದೆ.

"ಈ ಕ್ವಾಣಿಗಿ ರಾತ್ರಿ ನಡುವ ಜರಾ ಹೊತ್ತು ದೀಪ ಹಚ್ತೀವಿ, ಅಷ್ಟೇ ಫರಕ," ಎಂದಳು. "ರಾತ್ರಿ ಎಷ್ಟು ಉದ್ದ ಅದ ಅಂತ ಎಲಿ ಅಳೀತದ. ಕತ್ತಲಿ ಉದ್ದ ಆದ್ರ ಎಲಿಯಾಗ ಒಂದು ಸುದ್ದಿ ತಯಾರಾಗಿ ದಂಟಿನೊಳಗಿಂದ ತುದಿಗಿ ಹೋಗ್ತದ. ಆವಾಗ ತುದಿ, ಎಲಿ ಮಾಡೋದು ಬಿಟ್ಟು ಹೂ ಮಾಡ್ತದ. ಬೆಳಕು ಬಿದ್ರ ಒಂದು ಜೀನ್ ಬಾಗಿಲಿಗಿ ಅಡ್ಡ ನಿಂದರ್ತದ, ಸುದ್ದಿ ಹೊರಗ ಬಿಡಂಗಿಲ್ಲ. ಆ ಜೀನೇ ನನ್ನ ಇಷ್ಟು ವರ್ಷದ ಕೆಲಸ. ತೊಗರಿದೂ ಹೆಚ್ಚುಕಮ್ಮಿ ಇದೇ ಕಥಿ."

ಗುರುಗಳು ಏನೋ ಕೇಳಿದರು.

"ನಿಮ್ಮ ಕಡಿ ಇಂಥದ್ದು ನೋಡೀರೇನು ಅಂತ ಕೇಳ್ಲತ್ತಾರ."

"ನೋಡೀನಿ," ಎಂದೆ.

ತೊಟ್ಟಿ, ಟ್ಯಾಂಕರ್, ಕಂಬ, ದೀಪ, ಎದೆಯೆತ್ತರದ ತೊಗರಿ ಎಲ್ಲ ಹೇಳಿದೆ. ಅಶ್ವಿನಿ ಖುಷಿಯಿಂದ ಕೈ ಆಡಿಸಿಕೊಂಡು ಅವರ ಭಾಷೆಯಲ್ಲಿ ಹೇಳುತ್ತ ಹೋದಳು. ಗುರುಗಳ ಕಣ್ಣು ಅರಳಿತು.

"ಹೂ ಬಿಡ್ಲಿಲ್ಲಂತ ಊರವರು ನಿಮ್ಮವ್ವನ ಮ್ಯಾಲೆ ಹಾಕಿದ್ರು," ಎಂದೆ. "ಗಂಡ ಇಲ್ಲದಾಕಿ ಕಾಲಿಟ್ಟಾಳ, ಅದಕ್ಕ ಗೊಡ್ಡು ಬಿದ್ದಾವ ಅಂದ್ರು. ನಾ ಹೊಸ್ತಿಲದಾಗ ತಡದು ಹೊಲಕ್ಕ ಬರಬ್ಯಾಡ ಅಂದೆ. ಅದಕ್ಕೇ ನಿಮ್ಮವ್ವ ಊರು ಬಿಟ್ಟಳು."

ಅಶ್ವಿನಿಯ ಕೈ ನಿಂತಿತು. ಗುರುಗಳು ತಲೆ ಬಾಗಿಸಿ ಕಾದರು.

ಅಶ್ವಿನಿ ಮೆಲ್ಲಗೆ ಅಂದಳು: "ಆವಾಗ ಯಾರಿಗಿ ಗೊತ್ತಿತ್ತು ಬಿಡ್ರಿ ಮಾಮಾ. ಗೊತ್ತಿಲ್ಲದ್ದಕ್ಕ ಯಾರೇನು ಮಾಡ್ಲಿಕ್ಕ ಆಗ್ತದ."

ಅಲ್ಲಿಗೆ ಮುಗಿಸಬಹುದಿತ್ತು. ಮುಗಿಸಿದ್ದರೆ ಅಶ್ವಿನಿ ಕ್ಷಮಿಸುತ್ತಿದ್ದಳು. ಸಭೆಗೆಂದು ಅವಳು ನನಗೆ ತಂದಿಟ್ಟ ಕಪ್ಪು ಕೋಟು ಹಾಕಿ ಅವಳ ಪಕ್ಕ ನಿಲ್ಲುತ್ತಿದ್ದೆ.

"ನಂಗ ಗೊತ್ತಿತ್ತು," ಎಂದೆ.

ಎಳ್ಳಮಾಸಿಯ ಹಿಂದಿನ ದಿನ ನಾನು ಆ ಸಾಲುಗಳಿಗೆ ಹೋಗಿದ್ದೆ. ತೊಟ್ಟಿಯ ಗೋಡೆ ಎತ್ತರದ್ದು. ರಾತ್ರಿ ಆ ದೀಪದ ಬೆಳಕಿಗೆ ಅದರ ನೆರಳು ಹೊಲದ ಮೇಲೆ ಉದ್ದಕ್ಕೆ ಒಂದು ಪಟ್ಟಿಯಾಗಿ ಬೀಳುತ್ತಿತ್ತು. ಆ ಪಟ್ಟಿಯೊಳಗಿನ ಗಿಡಗಳು ಹಳದಿ ಹೂವಿನಿಂದ ತುಂಬಿದ್ದವು. ಪಟ್ಟಿ ದಾಟಿದರೆ ಒಂದು ಹೂ ಇಲ್ಲ. ಆ ಗಿಡಗಳಿಗೂ ನೀರು ಹಾಕಿದವಳು ಜಗದೇವಿಯೇ, ಅವುಗಳ ನಡುವೆ ಅಡ್ಡಾಡಿದ ಕಾಲೂ ಅವಳದೇ. ಜೀನು ಗೀನು ನನಗೆ ತಿಳಿಯದು. ಆದರೆ ತಪ್ಪು ದೀಪದ್ದು ಎಂದು ತಿಳಿಯಲು ಓದು ಬೇಕಾಗಿರಲಿಲ್ಲ. ದೀಪ ತಂದವನು ನಾನು, ಊರು ನಗುತ್ತದೆ ಎಂದು ಹೆದರಿದೆ. ಇನ್ನೊಂದೂ ಇತ್ತು. ಇವರಿಬ್ಬರು ಹೋದರೆ ಎರಡು ತಟ್ಟೆ ಕಡಿಮೆಯಾಗುತ್ತವೆ ಎಂದು ಮನಸ್ಸು ಹೇಳಿತು. ಕುಡಗೋಲು ತಂದು ಹೂ ಬಿಟ್ಟ ಆ ಗಿಡಗಳನ್ನು ಕೊಯ್ದು ಕುರಿಗೆ ಹಾಕಿದೆ.

ಇದನ್ನು ಜಗದೇವಿಯ ಮುಂದೆ ಹೇಳುತ್ತಿದ್ದೇನೆ ಎಂಬ ಎಚ್ಚರ ಹೇಳಿ ಮುಗಿದ ಮೇಲೆ ಬಂತು.

ಅವಳು ಗಾಜಿನಾಚೆಯ ಹಸಿರನ್ನೇ ನೋಡುತ್ತಿದ್ದಳು. "ಗೊತ್ತದ," ಎಂದಳು.

"ಏನು ಗೊತ್ತದ?"

"ಅವತ್ತ ಸಂಜಿಕಿ ಕುರಿ ದೊಡ್ಡಿ ಕಸಾ ಹೊಡದಾಕಿ ನಾನೇ. ಕುರಿ ಕಾಲಾಗ ತೊಗರಿ ಹೂ ಬಿದ್ದಿದ್ವು. ಎಲ್ಲಿವು ಇವು ಅಂತ ಹೋಗಿ ನೋಡಿದೆ. ಕೊಯ್ದ ಗಿಡದ ಬುಡ, ಕೂಳಿ, ಇನ್ನಾ ಹಸಿ ಇತ್ತು." ನನ್ನ ಕಡೆ ತಿರುಗಿದಳು. "ಊರವರು ಅಂದಿದ್ದಕ್ಕ ನಾ ಹೋಗಿಲ್ಲಣ್ಣ. ಊರವರು ಅಂತಾರ, ಬಿಡ್ತಾರ. ಕೂಳಿ ನೋಡಿ ಹೋದೆ."

ಅಶ್ವಿನಿ ಗೋಡೆ ಹಿಡಿದು ನಿಂತಿದ್ದಳು. ಗುರುಗಳು ಇನ್ನೂ ಕಾಯುತ್ತಿದ್ದರು.

"ಹೇಳವ್ವಾ, ಸಾಹೇಬ್ರಿಗಿ ಪೂರಾ ಹೇಳು," ಎಂದಳು ಜಗದೇವಿ. "ಅರ್ಧಾ ಹೇಳಬ್ಯಾಡ."

ಅಶ್ವಿನಿ ಹೇಳಿದಳು, ಈ ಸಲ ಕೈ ಆಡಿಸದೆ. ಗುರುಗಳು ಒಂದೇ ಮಾತು ಕೇಳಿದರು. ಅಶ್ವಿನಿ ಅದನ್ನು ಕನ್ನಡಕ್ಕೆ ತಂದಳು: "ನೆರಳಿನ್ಯಾಗಿನ ಗಿಡ ಒಂದರ ಉಳದಿತ್ತೇನು ಅಂತ ಕೇಳ್ತಾರ."

"ಕುರಿ ತಿಂದ್ವು ಅಂತ ಹೇಳು," ಎಂದಳು ಜಗದೇವಿ.

ಕೋಲಿನವಳು

ಎರಡು ದಿನ ಅಶ್ವಿನಿ ನನ್ನೊಡನೆ ಊಟಕ್ಕೆ ಕರೆಯುವಷ್ಟೇ ಮಾತಾಡಿದಳು. ನಾನು ಕಾಲುವೆಯ ದಂಡೆಯ ಬೆಂಚಿನ ಮೇಲೆ ಕೂರುತ್ತಿದ್ದೆ. ಬಾತುಕೋಳಿಗಳು ಹತ್ತಿರ ಬಂದು, ಕೈಯಲ್ಲಿ ಏನೂ ಇಲ್ಲವೆಂದು ನೋಡಿ ಹೋಗುತ್ತಿದ್ದವು. ಒಂದು ಸಂಜೆ ಜಗದೇವಿ ಬಂದು ಪಕ್ಕ ಕೂತಳು.

"ಹೇಳಿದ್ದು ಛಲೋ ಆಯ್ತು," ಎಂದಳು. "ಆದ್ರ ಇಲ್ಲಿ ಹೇಳಿದ್ರ ನಿಂಗೇನು ಖರ್ಚು? ಇಲ್ಲಿ ಯಾರಿಗಿ ನೀ ಯಾರಂತ ಗೊತ್ತದ? ನನ್ನ ಕಾಲು ಕೆಟ್ಟದ್ದು ಅಂದವ್ರು ಕುಶನೂರಾಗ ಅದಾರ."

"ಊರಾಗ ಹೇಳ್ತೀನಿ."

"ನೋಡೂಣು," ಎಂದಳು. ಸೆರಗಿನಿಂದ ರೊಟ್ಟಿಯ ಚೂರು ತೆಗೆದು ಬಾತುಕೋಳಿಗೆ ಎಸೆದಳು.

ಸಭೆಯ ದಿನ ಬೆಳಿಗ್ಗೆ, ನನಗೆಂದು ತಂದು ಬಾಗಿಲಿಗೆ ತೂಗುಹಾಕಿದ್ದ ಕಪ್ಪು ಕೋಟು ಅಲ್ಲಿರಲಿಲ್ಲ. ಅಶ್ವಿನಿಯ ಜೊತೆ ಓದುವ ಹುಡುಗನೊಬ್ಬ ಅದನ್ನು ಹಾಕಿಕೊಂಡಿದ್ದ. "ಮಾಮಾ, ಇವತ್ತ ನೀವು ಕೂತ್ಕೋರಿ," ಎಂದಳು ಅಶ್ವಿನಿ. ಕೂತೆ.

ದೊಡ್ಡ ಸಭಾಂಗಣ. ಪ್ರಶ್ನೆ ಕೇಳುವವರು ಕಪ್ಪು ನಿಲುವಂಗಿ, ಕಪ್ಪು ಟೋಪಿ ಹಾಕಿ ಸಾಲಾಗಿ ಬಂದರು. ನಡುವೆ ಅಶ್ವಿನಿ. ಅವಳ ಒಂದು ಪಕ್ಕ ಆ ಹುಡುಗ, ಇನ್ನೊಂದು ಪಕ್ಕ ಹಸಿರು ಸೀರೆಯ ಜಗದೇವಿ. ಒಂದು ಮಾತೂ ತಿಳಿಯದಿದ್ದರೂ, ಪ್ರಶ್ನೆ ಕೇಳುವವರ ಮುಖವನ್ನು ಒಬ್ಬೊಬ್ಬರಾಗಿ ನೋಡುತ್ತ, ಸೆರಗು ಹೊದ್ದು, ಅಲುಗದೆ ನಿಂತಿದ್ದಳು. ಯಾವ ಸಾಲಿಗೆ ಅವಳು ಕಾಲಿಡಬಾರದೆಂದು ನಾನು ಹೇಳಿದ್ದೆನೋ ಆ ಸಾಲು ಯಾಕೆ ಹೂ ಬಿಡಲಿಲ್ಲ ಎಂಬುದರ ಮೇಲೆಯೇ ಅವಳ ಮಗಳು ಉತ್ತರ ಕೊಡುತ್ತಿದ್ದಳು.

ಕೊನೆಗೆ ಬಾಗಿಲು ತೆರೆಯಿತು. ಗೆಜ್ಜೆ ಕಟ್ಟಿದ ಉದ್ದನೆಯ ಕೋಲು ಹಿಡಿದ ಹೆಂಗಸೊಬ್ಬಳು ಬಂದು ಕೋಲನ್ನು ನೆಲಕ್ಕೆ ಕುಟ್ಟಿ ಒಂದು ಮಾತು ಹೇಳಿದಳು. ಹೊತ್ತಾಯಿತು ಎಂದು ಅದರ ಅರ್ಥವಂತೆ. ಮಾತಾಡುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು.

ಹೊರಗೆ ಎಲ್ಲರೂ ಅಶ್ವಿನಿಯ ಕೆನ್ನೆಗೆ ಮುತ್ತಿಡುತ್ತಿದ್ದರು, ಮೂರು ಮೂರು ಸಲ. ಒಬ್ಬ ಮುದುಕಿ ನನಗೂ ಇಟ್ಟಳು. ಎರಡನೆಯದಕ್ಕೆ ಮುಖ ತಪ್ಪಿಸಿ ಅವಳ ಕನ್ನಡಕಕ್ಕೆ ಹಣೆ ಬಡಿದೆ. ಜಗದೇವಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಶ್ವಿನಿ ಹತ್ತಿರ ಬಂದಳು.

"ಲಗ್ನಕ್ಕ ನಿಂದರಬೇಕು ಮಾಮಾ. ಅಲ್ಲಿ ಬದಲಿ ಮಂದಿ ನಡ್ಯಂಗಿಲ್ಲ."

"ನಿಂದರ್ತೀನಿ."

"ಅದಕ್ಕ ಮೊದಲು ಅವ್ವ ಹೇಳಿದ ಕೆಲಸ ಮಾಡ್ರಿ."

ಠಾಣಾ ಕುಶನೂರ

ನಾವು ಮರಳಿದಾಗ ಮೊದಲ ಮಳೆ ಬಿದ್ದಿತ್ತು. ತೊಟ್ಟಿ ಈಗ ಒಡೆದು ಹೋಗಿದೆ, ಕಂಬ ನಿಂತಿದೆ, ದೀಪ ಮೊದಲಿಗಿಂತ ಬೆಳ್ಳಗಾಗಿದೆ. ಆ ಬದಿಗೆ ನಾನು ಇಷ್ಟು ವರ್ಷ ಕುರಿಗೆ ಮೇವು ಮಾತ್ರ ಬೆಳೆಯುತ್ತಿದ್ದೆ. ಈ ಸಲ ಅಜ್ಜನ ಕಾಲದ ಅದೇ ತೊಗರಿ ಬಿತ್ತಿದೆ. ಲೈನ್‌ಮನ್‌ನನ್ನು ಕಾಡಿ ಬೇಡಿ ದೀಪಕ್ಕೆ ಹೊಲದ ಕಡೆಯಿಂದ ಎಣ್ಣೆ ಡಬ್ಬಿಯ ತಗಡು ಕಟ್ಟಿಸಿದೆ.

ಜಗದೇವಿ ಫೋನಿನಲ್ಲಿ ಕೇಳಿದಳು. "ದೀಪಾ ಪೂರಾ ಮುಚ್ಚಿದೇನು?"

"ಪೂರಾ ಮುಚ್ಚೀನಿ."

"ಎರಡು ಸಾಲಿಗಿ ಬೆಳಕು ಬೀಳ್ಲಿ, ಬಿಡು. ನೋಡಿದವ್ರು ಕೇಳ್ಲಿ. ಕೇಳಿದವ್ರಿಗಿ ನೀ ಹೇಳು."

ತಗಡನ್ನು ಸ್ವಲ್ಪ ಮಡಚಿದೆ. ದೀಪಾವಳಿ ಕಳೆದ ಮೇಲೆ ಹೊಲ ಹಳದಿಯಾಯಿತು. ದಾರಿಯ ಪಕ್ಕದ ಎರಡು ಸಾಲು ಹಸಿರಾಗಿ ಹಾಗೇ ನಿಂತವು. ಕೇಳಿದವರಿಗೆಲ್ಲ ಹೇಳಿದೆ. ಕೆಲವರು ನಕ್ಕರು. ಕೆಲವರು ಹೂ ಬಿಟ್ಟ ಗಿಡಗಳನ್ನು ಕುರಿಗೆ ಹಾಕಿದ ಮಾತು ಕೇಳಿ ಎದ್ದು ಹೋದರು. ಹೆಂಡತಿ ವಾರದ ಮಟ್ಟಿಗೆ ಮಾತು ಬಿಟ್ಟಳು.

ಎಳ್ಳಮಾಸಿಯ ಬೆಳಿಗ್ಗೆ ಜಗದೇವಿ ಬೀದರಿನಿಂದ ಮೊದಲ ಬಸ್ಸಿಗೆ ಬಂದಳು. ಹೊಲದ ದಾರಿಯಲ್ಲಿ ಮಲ್ಲಮ್ಮಾಯಿ ಸಿಕ್ಕಳು. ಆ ಕಾಲದಲ್ಲಿ ತೊಟ್ಟಿಯ ಹತ್ತಿರ ಎಲ್ಲರಿಗಿಂತ ಜೋರಾಗಿ ಮಾತಾಡಿದವಳು ಅವಳೇ. ಈಗ ಕೋಲೂರಿ ನಡೆಯುತ್ತಾಳೆ. ಹಸಿರು ಸಾಲಿನ ಮುಂದೆ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಈ ಸಾಲಾಗ ಯಾರು ಕಾಲಿಟ್ಟಾರೋ?"

"ಯಾರ ಕಾಲಿಂದೂ ಅಲ್ಲ ಆಯಿ. ಅವತ್ತೂ ಕಾಲಿಂದ ಆಗಿದ್ದಿಲ್ಲ. ಆ ದೀಪಾ ನಾ ಹಚ್ಚಸೀನಿ, ಅದರ ಬೆಳಕಿಗಿ ಹೂ ನಿಂತಾವ." ಉಳಿದದ್ದನ್ನೂ ಹೇಳಿದೆ, ಕುಡಗೋಲು, ಕುರಿ ಎಲ್ಲವನ್ನೂ.

ಮುದುಕಿ ಕಂಬ ನೋಡಿದಳು. ಆಮೇಲೆ ಜಗದೇವಿಯನ್ನು ನೋಡಿದಳು. "ಮುಂದ ನಡಿಯವ್ವ, ಬಿಸಿಲೇರ್ತದ," ಎಂದಷ್ಟೇ ಹೇಳಿ ದಾರಿ ಬಿಟ್ಟು ನಿಂತಳು.

ಜಗದೇವಿ ಚರಗದ ಬುಟ್ಟಿ ಹಿಡಿದು ಮೊದಲು ಆ ಎರಡು ಹಸಿರು ಸಾಲುಗಳೊಳಗೇ ಇಳಿದಳು. ಚೆಲ್ಲುತ್ತ ಚೆಲ್ಲುತ್ತ ಹಳದಿಯ ಕಡೆಗೆ ನಡೆದಳು. ದಾರಿಯಲ್ಲಿದ್ದವರು ನನ್ನನ್ನು ನೋಡಿ ನಗುತ್ತಿದ್ದರು. ಗಂಡಸು ಹೀಗೆ ಹೊತ್ತದ್ದನ್ನು ನಮ್ಮೂರಿನವರು ಕಂಡಿಲ್ಲ. ಭಜ್ಜಿಯ ಗಡಿಗೆ ನನ್ನ ತಲೆಯ ಮೇಲಿತ್ತು.